ಕಣ್ಣು ಬಿಡಿಸದೆ ಇಟ್ಟ ಮುಖ

ನಾನು ಹದಿನಾಲ್ಕು ತಿಂಗಳು ಕೂತು ಕೆತ್ತಿದ ಮುಖವೊಂದಕ್ಕೆ, ನನ್ನನ್ನು ಒಂದು ಮಾತು ಕೇಳದೆ, ಬೇರೊಬ್ಬರ ಕೈಯಿಂದ ಎಣ್ಣೆಬಣ್ಣದ ಕಣ್ಣು ಬರೆಸಿದರು. ಬರೆಸಿದವರು ಹೊನ್ನಾವರದ ಒಂದು ಸಂಘದ ಪದಾಧಿಕಾರಿಗಳು. ಸಂಘದ ಹೆಸರನ್ನಾಗಲಿ ಅವರ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಓದಿದರೆ ಅವರಿಗೆ ತಿಳಿಯುತ್ತದೆ. ಅವರಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅದನ್ನು ನಾನೂ ಒಪ್ಪುತ್ತೇನೆ. ಕೆಟ್ಟ ಉದ್ದೇಶವಿದ್ದಿದ್ದರೆ ಈ ಸಿಟ್ಟು ಇಷ್ಟು ದಿನ ಉಳಿಯುತ್ತಿರಲಿಲ್ಲ.

ಆ ಮುಖ ಎಂಥದು, ಅದನ್ನು ಕಣ್ಣಿಲ್ಲದೆ ಏಕೆ ಇಟ್ಟಿದ್ದೆ ಎಂಬುದನ್ನು ಮೊದಲಿನಿಂದ ಹೇಳಬೇಕು.

ಕೆಲಸದಲ್ಲಿದ್ದಷ್ಟು ಕಾಲವೂ ನಾನು ಭೂಮಾಪನ ಕಚೇರಿಯಲ್ಲಿ ಹಳೆಯ ನಕ್ಷೆಗಳ ನಕಲು ತೆಗೆಯುತ್ತಿದ್ದೆ. ಆ ಕೆಲಸಕ್ಕೆ ಇದ್ದದ್ದು ಒಂದೇ ಧರ್ಮ: ಮೂಲದಲ್ಲಿ ಇರುವುದು ನಕಲಿನಲ್ಲಿ ಇರಬೇಕು, ಇಲ್ಲದಿರುವುದು ಇರಕೂಡದು. ಮೂಲದ ಗಡಿರೇಖೆ ಅರ್ಧಕ್ಕೆ ನಿಂತಿದ್ದರೆ ನಕಲಿನಲ್ಲಿಯೂ ಅಲ್ಲಿಯೇ ನಿಲ್ಲಬೇಕು. ಒಮ್ಮೆ ಹೊಸದಾಗಿ ಬಂದ ಅಧಿಕಾರಿಯೊಬ್ಬರು ಅಂಥ ಒಂದು ರೇಖೆಯನ್ನು ‘ಹೇಗೂ ಅಲ್ಲಿಗೇ ಸೇರುತ್ತದಲ್ಲ’ ಎಂದು ಪೂರ್ತಿ ಮಾಡಲು ಹೇಳಿದರು. ನಾನು ಮಾಡಲಿಲ್ಲ. ಆ ವರ್ಷದ ಗುಪ್ತ ವರದಿಯಲ್ಲಿ ಅವರು ನನ್ನ ಹೆಸರಿನ ಮುಂದೆ ‘ಹಟಮಾರಿ’ ಎಂದು ಬರೆದರು. ಆ ರೇಖೆ ಎಲ್ಲಿಗೂ ಸೇರುತ್ತಿರಲಿಲ್ಲ ಎಂಬುದು ಮುಂದೆ ಸ್ಥಳದಲ್ಲಿ ಅಳೆದಾಗ ಅವರ ಕಣ್ಣೆದುರೇ ತಿಳಿದುಬಂತು. ಬರೆದ ಪದವನ್ನು ಅವರು ಹೊಡೆದು ಹಾಕಲಿಲ್ಲ.

ನಿವೃತ್ತನಾಗಿ ಕುಮಟೆಯ ಮನೆಯಲ್ಲಿ ಕುಳಿತ ಮೇಲೆ, ಒಂದು ಮಧ್ಯಾಹ್ನ ಭಟ್ಕಳದ ಸ್ನೇಹಿತರು ಬಂದರು. ಇವರು ಸರಕು ಹಡಗುಗಳಲ್ಲಿ ಅಡುಗೆಯವರಾಗಿ ಲೋಕವೆಲ್ಲ ಸುತ್ತಿದವರು. ಯಾವುದೋ ಕಾಲದಲ್ಲಿ ತಮ್ಮ ಮನೆಜಾಗದ ನಕ್ಷೆಗೆಂದು ಕಚೇರಿಗೆ ಬಂದು ಪರಿಚಯವಾದವರು, ಆಮೇಲೆ ಬಿಡಲಿಲ್ಲ. ನಾನು ಸರ್ವೇಯರ್ ಅಲ್ಲವೆಂದು ಎಷ್ಟು ಸಲ ಹೇಳಿದರೂ ಹಾಗೆಯೇ ಕರೆಯುತ್ತಾರೆ. ಬೇಕೆಂದೇ ಎಂದು ನನ್ನ ಸಂಶಯ.

‘ಸರ್ವೇಯರ್ ಸಾಹೇಬ್ರೆ, ನಿಮಗೆ ಒಬ್ಬ ನೆಂಟನ್ನ ಕರ್ಕೊಂಡು ಬಂದಿದ್ದೇನೆ’ ಎಂದು ಟವೆಲಿನಲ್ಲಿ ಸುತ್ತಿದ್ದನ್ನು ಜಗಲಿಯ ಮೇಲೆ ಬಿಚ್ಚಿದರು.

ಒಂದು ಗೇಣು ಎತ್ತರದ ಮರದ ಮನುಷ್ಯ. ದೇಹದ ಅರ್ಧದಷ್ಟು ತಲೆಯೇ ಇತ್ತು. ಮೊಣಕಾಲು ತುಸು ಬಗ್ಗಿಸಿ, ಎರಡೂ ಕೈಗಳನ್ನು ಹೊಟ್ಟೆಯ ಮೇಲೆ ಇಟ್ಟು ನಿಂತಿದ್ದ. ಬಾಯಿ ಪೆಟ್ಟಿಗೆಯ ಹಾಗೆ ಅಗಲ. ದಪ್ಪ ಹುಬ್ಬಿನ ಕೆಳಗೆ ಕಣ್ಣಿನ ಜಾಗದಲ್ಲಿ ಎರಡು ನುಣುಪಾದ ಉಬ್ಬುಗಳು, ಅಷ್ಟೆ. ರೆಪ್ಪೆಯ ಗೆರೆಯಿಲ್ಲ, ಪಾಪೆಯಿಲ್ಲ.

‘ಊಟ ಹೆಚ್ಚಾದವರ ಹಾಂಗೆ ನಿಂತಿದ್ದಾನಲ್ಲ’ ಎಂದಳು ನನ್ನ ಹೆಂಡತಿ.

‘ಟಿಕಿ ಅಂತಾರೆ ಅಮ್ಮಾ ಅಲ್ಲಿ. ಪೆಸಿಫಿಕ್ ಸಮುದ್ರದ ದ್ವೀಪದವರು. ಬಂದರಿನ ಅಂಗಡೀಲಿ ಸಿಕ್ಕಿದ್ದು.’

‘ಎಂತ ದೇವರು ಇದು?’

‘ದೇವರೋ, ಅವರ ಅಜ್ಜನೋ. ಅಂಗಡಿಯವ ಏನೋ ಹೇಳ್ದ. ಹಡಗು ಬಿಡೋ ಟೈಮ್ ಆಗಿತ್ತು.’

ಕಣ್ಣು ಮುಚ್ಚಿದೆಯೋ ತೆರೆದಿದೆಯೋ ಎಂದು ನಾನು ಕೇಳಿದೆ. ಅವರು ಅದನ್ನು ಹೊಸದಾಗಿ ನೋಡುವವರಂತೆ ಎತ್ತಿ ನೋಡಿದರು.

‘ನಾನು ರೇಟು ಕೇಳ್ದೆ ಸಾಹೇಬ್ರೆ. ಕಣ್ಣು ಕೇಳ್ಲಿಲ್ಲ.’

ಆ ಪ್ರಶ್ನೆ ನನ್ನೊಳಗೆ ಕೂತುಬಿಟ್ಟಿತು. ಮೂರ್ತಿಯನ್ನು ಅವರಿಂದ ಎರವಲು ಪಡೆದು, ಕೈವಾರ ಹಿಡಿದು ಅಳೆದೆ. ಎದುರಿನಿಂದ, ಬೆನ್ನಿನಿಂದ, ಎರಡು ಮಗ್ಗುಲುಗಳಿಂದ, ಮೇಲಿನಿಂದ, ಕೆಳಗಿನಿಂದ ನಕ್ಷೆ ತೆಗೆದೆ. ತೆಗೆದಷ್ಟೂ ಸಂಶಯ ಹೆಚ್ಚಾಯಿತು. ನಕ್ಷೆಯಲ್ಲಿ ಬಲಗಣ್ಣಿನ ಉಬ್ಬು ಎಡಗಣ್ಣಿಗಿಂತ ಕೂದಲೆಳೆಯಷ್ಟು ದಪ್ಪ ಬರುತ್ತಿತ್ತು. ಕೆತ್ತಿದವನ ಕೈ ತಪ್ಪಿತೋ, ನನ್ನ ಅಳತೆ ತಪ್ಪಿತೋ, ಅಥವಾ ಅದು ಬೇಕೆಂದೇ ಇಟ್ಟದ್ದೋ? ಮೂಲವನ್ನು ನೋಡಿ ತಿಳಿಯುವುದಿಲ್ಲವೆಂದಾದ ಮೇಲೆ ಉಳಿದದ್ದು ಒಂದೇ ದಾರಿ, ಕೆತ್ತಿ ನೋಡುವುದು. ಅಲ್ಲಿಯವರೆಗೆ ನಾನು ಪೆನ್ಸಿಲ್ ಬಿಟ್ಟು ಬೇರೆ ಯಾವುದನ್ನೂ ಕೆತ್ತಿದವನಲ್ಲ.

ಮೊದಲು ಹಲಸಿನ ತುಂಡುಗಳ ಮೇಲೆ ಕೈ ಪಳಗಿಸಿಕೊಂಡೆ. ಬಾಚಿ ಎತ್ತಿದರೆ ಎಲ್ಲಿ ಬೀಳುತ್ತದೆ, ಉಳಿಯನ್ನು ಎಷ್ಟು ಓರೆ ಹಿಡಿದರೆ ಮರ ಸೀಳದೆ ಸಿಪ್ಪೆ ಏಳುತ್ತದೆ ಎಂಬುದು ತಿಳಿಯುವುದಕ್ಕೆ ಒಂದು ಮಳೆಗಾಲ ಬೇಕಾಯಿತು. ಆಮೇಲೆ, ದ್ವೀಪಗಳಲ್ಲಿ ತೆಂಗಿನ ಮರದಲ್ಲಿಯೂ ಇವನ್ನು ಕೆತ್ತುತ್ತಾರೆಂದು ತಿಳಿದು ತೆಂಗಿಗೆ ಬಂದೆ. ಅಲ್ಲಿ ನನ್ನ ಕಲಿಕೆಯೆಲ್ಲ ತಲೆಕೆಳಗಾಯಿತು. ಹಲಸಿನಲ್ಲಿ ಒಳಗೆ ಹೋದಷ್ಟೂ ಗಟ್ಟಿ; ತಿರುಳೇ ಮರ. ತೆಂಗಿನಲ್ಲಿ ಹೊರಗೆ ಕಬ್ಬಿಣ, ಒಳಗೆ ಬೆಂಡು. ಹೊರಮೈಯ ಕಪ್ಪು ನಾರುಗಳು ಉಳಿಯ ಬಾಯನ್ನು ಗಂಟೆಗೊಮ್ಮೆ ಮೊಂಡು ಮಾಡುತ್ತವೆ. ಎರಡು ಇಂಚು ಇಳಿದರೆ ಅದೇ ಉಳಿ ಹಣ್ಣಿನೊಳಗೆ ಹೊಕ್ಕಂತೆ ಜಾರುತ್ತದೆ. ಹುಬ್ಬು ಹೊರಮೈಯಲ್ಲಿ ಬರುತ್ತದೆ, ಕಣ್ಣು ಒಳಗೆ. ಹಾಗಾಗಿ ಆ ಮುಖದಲ್ಲಿ ಎಲ್ಲಕ್ಕಿಂತ ಮೆತ್ತಗಿನ ಜಾಗವೇ ಕಣ್ಣು. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಮೂರು ಮುಖಗಳ ಕಣ್ಣು ಪುಡಿಯಾಗಿ ಉದುರಿದ ಮೇಲೆ ತಿಳಿಯಿತು.

ಕೆಲವು ದ್ವೀಪಗಳಲ್ಲಿ ಕಣ್ಣಿಗೆ ಚಿಪ್ಪು ಕೂರಿಸುವ ಪದ್ಧತಿ ಇದೆಯಂತೆ. ಅದನ್ನೂ ಪರೀಕ್ಷಿಸೋಣವೆಂದು ಅಘನಾಶಿನಿ ಹೊಳೆಗೆ ಹೋಗಿ, ಇಳಿತದ ಹೊತ್ತಿನಲ್ಲಿ ಬಳಚು ಆರಿಸುವ ಹೆಂಗಸರಿಂದ ಒಂದು ಬುಟ್ಟಿ ಖಾಲಿ ಚಿಪ್ಪು ತಂದೆ. ಉಜ್ಜಿ ದುಂಡಗೆ ಮಾಡಿ ಒಂದು ಸಣ್ಣ ಮೂರ್ತಿಗೆ ಕೂರಿಸಿದೆ. ಮುಖಕ್ಕೆ ಸಿಟ್ಟು ಬಂದುಬಿಟ್ಟಿತು. ‘ಇದನ್ನ ಅಡುಗೆಮನೆ ಬದಿಗೆ ಮಾತ್ರ ತಿರುಗಿಸ್ಬೇಡಿ, ನಾನು ಉಪ್ಪು ಹಾಕೂದನ್ನೂ ಎಣಿಸ್ತಾ ಇದ್ದಾನೆ’ ಎಂದಳು ನನ್ನ ಹೆಂಡತಿ. ಅದನ್ನು ಕಪಾಟಿನಲ್ಲಿಟ್ಟೆ.

ಆ ದ್ವೀಪಗಳ ಬಗ್ಗೆ ಓದುತ್ತ ಹೋದಂತೆ ಮತ್ತೊಂದು ಬೆರಗು ಕಾದಿತ್ತು. ಅವರ ಹಿತ್ತಿಲಿನಲ್ಲಿ ತೆಂಗು ಇದೆ, ಕೆಸುವು ಇದೆ, ದೀವಿಹಲಸು ಇದೆ, ಮರಳು ದಂಡೆಯಲ್ಲಿ ಕೇದಗೆಯ ಜಾತಿಯ ಮುಂಡಿಗೆ ಇದೆ. ನನ್ನ ಹಿತ್ತಿಲಿಗಿಂತ ಬೇರೆಯಾದದ್ದು ಬಹಳವಿಲ್ಲ. ಅದೇ ಉಪ್ಪು ಗಾಳಿ, ಅದೇ ಮರ ತಿನ್ನುವ ಹುಳು. ಆದರೆ ಆ ಮರದಿಂದ ಅವರು ತೆಗೆದ ಮುಖ ಬೇರೆ, ನಾವು ತೆಗೆದದ್ದು ಬೇರೆ. ಟಿಕಿ ಎಂದರೆ ಮೊದಲ ಮನುಷ್ಯನ ಹೆಸರು ಎಂದು ಕೆಲವು ಕಡೆ ಹೇಳುತ್ತಾರಂತೆ. ಮೊದಲ ಮನುಷ್ಯ ಕಣ್ಣು ತೆರೆಯುವ ಮುನ್ನ ಹೇಗಿದ್ದನೋ ಹಾಗೆ ಕೆತ್ತಿದರೆ? ಇದು ನನ್ನ ಊಹೆ. ಊಹೆಯನ್ನು ಊಹೆಯೆಂದೇ ಬರೆಯುತ್ತೇನೆ.

ಊಹೆಗಿಂತ ಬಲ್ಲವರನ್ನು ಕೇಳುವುದು ಮೇಲೆಂದು ಹೊನ್ನಾವರದ ಬದಿಯಲ್ಲಿರುವ ಹಿರಿಯ ಕೆತ್ತನೆಗಾರರೊಬ್ಬರ ಬಳಿ ಹೋದೆ. ಅವರ ಮನೆಯಲ್ಲಿ ತಲೆಮಾರುಗಳಿಂದ ದೇವರ ಮೂರ್ತಿ ಕೆತ್ತುತ್ತ ಬಂದಿದ್ದಾರೆ. ಎಂಬತ್ತು ದಾಟಿದವರು; ಎಪ್ಪತ್ತು ಮುಟ್ಟಿದ ನಾನು ಅವರಿಗೆ ‘ತಮ್ಮ’. ಸ್ನೇಹಿತರ ಟಿಕಿಯನ್ನು ಕೈಗೆ ಕೊಟ್ಟು, ‘ಇದಕ್ಕೆ ಕಣ್ಣು ಬಿಡಿಸುವುದು ಮರೆತುಹೋಗಿರಬಹುದೇ?’ ಎಂದೆ.

ಅವರು ಕನ್ನಡಕ ಹಾಕಿಕೊಳ್ಳಲಿಲ್ಲ. ಹೆಬ್ಬೆರಳಿನಿಂದ ಮುಖವನ್ನೆಲ್ಲ ಒಂದು ಸುತ್ತು ಸವರಿ, ಕಣ್ಣಿನ ಉಬ್ಬಿನ ಮೇಲೆ ಬೆರಳನ್ನು ನಿಲ್ಲಿಸಿದರು.

‘ಮರ್ತದ್ದಲ್ಲ ತಮ್ಮಾ. ಕೆನ್ನೆ ದೊರಗು ಉಂಟು, ಹಣೆ ದೊರಗು ಉಂಟು. ಇಲ್ಲಿ ಮಾತ್ರ ಬೆಣ್ಣೆ. ಮರ್ತವ ಇಷ್ಟು ನುಣುಪು ಮಾಡೂದಿಲ್ಲ.’

ಎಪ್ಪತ್ತೆರಡು ಅಳತೆ ತೆಗೆದ ನನಗೆ ಇದು ಕಂಡಿರಲಿಲ್ಲ. ತಮ್ಮ ಮನೆಯ ಪದ್ಧತಿಯನ್ನೂ ಅವರು ಹೇಳಿದರು. ದೇವರ ಮೂರ್ತಿಗೆ ಕಣ್ಣು ಕೊನೆಗೆ. ಅಲ್ಲಿಯವರೆಗೆ ಅದು ಮರ. ತಪ್ಪಿದರೆ ತಿದ್ದಬಹುದು, ಕಾಲು ತಾಗಿದರೂ ದೋಷವಿಲ್ಲ. ಕಣ್ಣಾದ ಮೇಲೆ ಉಳಿ ತಾಗಿಸುವಂತಿಲ್ಲ. ಕಣ್ಣು ಬಿಡಿಸುವಾಗ ಎದುರಿಗೆ ಯಾರೂ ನಿಲ್ಲುವುದಿಲ್ಲ, ಮೊದಲ ನೋಟ ಬೀಳಲೆಂದು ಒಂದು ಕನ್ನಡಿ ಇಡುತ್ತಾರೆ.

‘ಕಣ್ಣಾದ ಮೇಲೆ ಅದು ನಮ್ಮದಲ್ಲ’ ಎಂದರು.

‘ಹಾಗಾದರೆ ಇದು ಯಾರದು?’

‘ನಂಗೆಂತ ಗೊತ್ತು? ನಾನು ಆ ಊರು ನೋಡಿದವನಲ್ಲ. ನೀ ಒಂದು ದೊಡ್ಡದು ಕೆತ್ತಿ, ಕಣ್ಣು ಹೀಂಗೇ ಇಟ್ಕಂಡು ಸ್ವಲ್ಪ ದಿನ ನೋಡು. ಅವಸರ ಎಂತದು?’

ಹಾಗೆ ಆ ದೊಡ್ಡ ಮುಖ ಹುಟ್ಟಿತು. ನೆರೆಮನೆಯವರ ಮುದಿ ತೆಂಗು ವಿದ್ಯುತ್ ತಂತಿಯ ಮೇಲೆ ವಾಲಿದ್ದರಿಂದ ಕಡಿದಿದ್ದರು. ಅದರ ಬುಡದ ನಾಲ್ಕಡಿ ನನ್ನ ಪಾಲಿಗೆ ಬಂತು. ಹದಿನಾಲ್ಕು ತಿಂಗಳು ಕೆತ್ತಿದೆ. ಕಣ್ಣಿನ ಎರಡು ಉಬ್ಬುಗಳನ್ನು ಮಾತ್ರ, ಪುಡಿಯಾಗದ ಹಾಗೆ, ಮರಳುಕಾಗದದಷ್ಟು ಒರಟಾದ ಮೀನಿನ ಚರ್ಮದಿಂದ ಮೊದಲು, ಆಮೇಲೆ ಬಟ್ಟೆಯಿಂದ ಉಜ್ಜಿ ಬೆಣ್ಣೆ ಮಾಡಿದೆ. ಕೊನೆಯ ಎರಡು ತಿಂಗಳು ಅದಕ್ಕೇ ಹೋಯಿತು.

ಜಗಲಿಯಲ್ಲಿ ಉತ್ತರಕ್ಕೆ ಮುಖ ಮಾಡಿ ನಿಲ್ಲಿಸಿ ನೋಡತೊಡಗಿದೆ. ಬೆಳಗಿನ ಓರೆ ಬೆಳಕಿನಲ್ಲಿ ಅದು ಮಲಗಿರುತ್ತಿತ್ತು. ಮಧ್ಯಾಹ್ನ ಅಂಗಳದ ಬಿಳುಪು ಕೆಳಗಿನಿಂದ ಹೊಡೆದಾಗ ಕಣ್ಣು ತೆರೆದೇ ಇದೆ ಅನಿಸುತ್ತಿತ್ತು. ಸಂಜೆ ನನ್ನನ್ನು ಬಿಟ್ಟು ನನ್ನ ಬೆನ್ನಿನ ಹಿಂದಿನ ಯಾರನ್ನೋ ನೋಡುತ್ತಿತ್ತು. ಬಂದವರನ್ನೆಲ್ಲ ಕೇಳಿ ಉತ್ತರಗಳನ್ನು ಬರೆದಿಟ್ಟೆ. ಹೆಂಡತಿಯ ಉತ್ತರ ದಿನಕ್ಕೊಂದು. ತದಡಿಯಿಂದ ಮೀನು ತರುವ ಹೆಂಗಸು ಬುಟ್ಟಿ ಇಳಿಸಿ ಸೊಂಟಕ್ಕೆ ಕೈಯಿಟ್ಟು ಚೆನ್ನಾಗಿ ನೋಡಿದಳು.

‘ಮಲಗಿದ್ದಲ್ಲ. ಮಲಗಿದ ಹಾಂಗೆ ಮಾಡ್ತಾ ಇರೂದು. ನಮ್ಮನೆ ಗಂಡಸು ಬೆಳಗಾದ್ರೆ ಹೀಂಗೇ.’

ಇಷ್ಟು ನಿಖರವಾದ ಉತ್ತರವನ್ನು ಆಮೇಲೆ ಯಾರೂ ಕೊಡಲಿಲ್ಲ.

ಅದಕ್ಕೆ ಕಣ್ಣು ಬೇಕೋ ಬೇಡವೋ ಎಂದು ನಾನಿನ್ನೂ ತೀರ್ಮಾನಿಸಿರಲಿಲ್ಲ. ಆಕಾರ ದ್ವೀಪದವರದು, ಮರ ನೆರೆಮನೆಯವರದು, ನುಣುಪಿನ ಗುಟ್ಟು ಹೊನ್ನಾವರದ ಹಿರಿಯರದು. ಆ ಮೂರ್ತಿಯಲ್ಲಿ ನನ್ನದೇ ಎನ್ನುವಂಥದು ಆ ಒಂದು ತೀರ್ಮಾನ ಮಾತ್ರ.

ಅಷ್ಟರಲ್ಲಿ ಸಂಘದವರು ಬಂದರು. ಹಿರಿಯರ ಹವ್ಯಾಸಗಳ ಮೂರು ದಿನದ ಪ್ರದರ್ಶನ. ಟಿಕಿಯನ್ನು ಕೊಡಬೇಕೆಂದು ಕೇಳಿಕೊಂಡರು. ಒಂದೇ ಸಲವಲ್ಲ, ಮೂರು ಸಲ ಬಂದರು. ಮೂರನೆಯ ಸಲ ಅಧ್ಯಕ್ಷರು ಚಹದ ಲೋಟ ಹಿಡಿದುಕೊಂಡೇ ಮೂರ್ತಿಯ ಸುತ್ತ ನಡೆದರು.

‘ಕಣ್ಣು ಇನ್ನೂ ಆಗ್ಲಿಲ್ಲ, ಅಲ್ವಾ?’

‘ಸದ್ಯಕ್ಕೆ ಹಾಗೇ ಇರಲಿ ಎಂದುಕೊಂಡಿದ್ದೇನೆ’ ಎಂದೆ.

ಅಧ್ಯಕ್ಷರು ಕಾರ್ಯದರ್ಶಿಯ ಮುಖ ನೋಡಿದರು. ಇಬ್ಬರೂ ನಕ್ಕರು. ‘ಗೊತ್ತಾತು, ಗೊತ್ತಾತು. ಅದಕ್ಕೆ ತಕ್ಕ ವ್ಯವಸ್ಥೆ ನಾವು ಮಾಡ್ತೇವೆ. ನೀವೆಂತ ತಲೆಬಿಸಿ ಮಾಡ್ಕೊಳ್ಬೇಡಿ.’

ವ್ಯವಸ್ಥೆಯೆಂದರೆ ಪೀಠ, ದೀಪ ಎಂದು ನಾನು ತಿಳಿದೆ. ಮುಟ್ಟಬಾರದು, ಎಣ್ಣೆ ಹಚ್ಚಬಾರದು, ಬಿಸಿಲಿಗೆ ಇಡಬಾರದು ಎಂದು ಒಂದು ಚೀಟಿ ಬರೆದು, ಟಿಕಿ ಎಂದರೇನು ಎಂಬುದರ ಬಗ್ಗೆ ಒಂದು ಪುಟದ ಟಿಪ್ಪಣಿಯನ್ನೂ ಸೇರಿಸಿ, ಗೂಡ್ಸ್ ರಿಕ್ಷಾದಲ್ಲಿ ಗೋಣಿಚೀಲ ಹಾಸಿ ಕಳಿಸಿದೆ.

ಆಹ್ವಾನಪತ್ರದಲ್ಲಿ ನನ್ನನ್ನು ಭಟ್ಕಳದವನೆಂದು ಅಚ್ಚು ಹಾಕಿಸಿದ್ದರು. ಸಭಾಭವನದಲ್ಲಿ ಮೂರ್ತಿಯ ಕೆಳಗೆ ನನ್ನ ಟಿಪ್ಪಣಿಯ ಬದಲು ‘ಆಫ್ರಿಕಾದ ಗೊಂಬೆ’ ಎಂಬ ಚೀಟಿ ಇತ್ತು. ನನಗೆ ಕೊಟ್ಟದ್ದು ಮೂರನೆಯ ಸಾಲಿನ ಕುರ್ಚಿ. ಇವನ್ನೆಲ್ಲ ಉದ್ಘಾಟನೆಯ ಬೆಳಗ್ಗೆಯೇ ಒಂದೊಂದಾಗಿ ಗಮನಿಸಿ, ಕಾರ್ಯಕ್ರಮ ಮುಗಿದ ಮೇಲೆ ಹೇಳಬೇಕೆಂದುಕೊಂಡೆ.

ಮೂರ್ತಿಗೆ ರೇಷ್ಮೆ ಶಾಲು ಹೊದಿಸಿ ವೇದಿಕೆಯ ಮೇಲೆ ನಿಲ್ಲಿಸಿದ್ದರು. ಮುಖ್ಯ ಅತಿಥಿಗಳು ಮುಂಬಯಿಯಿಂದ ಬಂದವರು. ಅವರು ಬಂದು ನಿಂತರು, ಶಾಲು ಸರಿಸಿದರು. ಆಗ ಒಂದು ತಟ್ಟೆ ಬಂತು. ತಟ್ಟೆಯಲ್ಲಿ ದಾಸವಾಳದ ಹೂವು, ಹೊಸ ಕುಂಚ, ಬಿಳಿ ಬಣ್ಣದ ಒಂದು ಡಬ್ಬಿ, ಕಪ್ಪು ಬಣ್ಣದ ಒಂದು ಡಬ್ಬಿ. ಒಬ್ಬರು ಸ್ನಾನದ ಮನೆಯಲ್ಲಿ ಇಡುವಂಥ ಕನ್ನಡಿಯೊಂದನ್ನು ಎದೆಗೆ ಒತ್ತಿ ಹಿಡಿದು ಎದುರು ನಿಂತರು. ನಿರೂಪಕರು ಹೇಳಿದರು: ‘ದೀಪ ಬೆಳಗುವುದು ಎಲ್ಲ ಕಡೆ ಇದ್ದದ್ದೇ. ಇಲ್ಲಿ ಕಲಾವಿದರು ಬಹಳ ಔಚಿತ್ಯದಿಂದ, ಕಣ್ಣುಗಳನ್ನು ನಮ್ಮ ಅತಿಥಿಗಳಿಗೆಂದೇ ಉಳಿಸಿ ಕೊಟ್ಟಿದ್ದಾರೆ.’

ಆಗ ನನಗೆ ಅರ್ಥವಾಯಿತು. ನಮ್ಮ ಕಡೆ ಕಣ್ಣಿಲ್ಲದೆ ಒಂದು ಮೂರ್ತಿ ಬಂತೆಂದರೆ, ಅದು ಮುಹೂರ್ತಕ್ಕೆ ಕಾಯುತ್ತಿದೆ ಎಂದೇ ತಿಳಿಯುತ್ತಾರೆ. ಬೇರೆ ಊರಿನವರಾಗಿದ್ದರೆ ‘ಏಕೆ ಹೀಗೆ?’ ಎಂದು ಕೇಳುತ್ತಿದ್ದರೇನೋ. ಇವರಿಗೆ ಕೇಳುವ ಅಗತ್ಯವೇ ಬೀಳಲಿಲ್ಲ, ತಿಳಿದೇ ಇತ್ತು.

ನಾನು ಎದ್ದು ನಿಂತೆ. ‘ಬೇಡ’ ಎನ್ನಬೇಕೆಂದಿದ್ದೆ. ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು.

‘ನೋಡಿ, ಕಲಾವಿದರು ಭಾವುಕರಾಗಿ ಎದ್ದು ನಿಂತಿದ್ದಾರೆ’ ಎಂದರು ನಿರೂಪಕರು.

ಸಭೆಯೆಲ್ಲ ತಿರುಗಿ ನನ್ನನ್ನು ನೋಡಿ ಚಪ್ಪಾಳೆ ತಟ್ಟಿತು. ಆ ಸದ್ದಿನಲ್ಲಿಯೇ ಬಿಳಿ ಬಣ್ಣ ಬಿತ್ತು. ಆಮೇಲೆ ಕಪ್ಪು. ಅತಿಥಿಗಳಿಗೆ ಕುಂಚ ಹಿಡಿದು ಅಭ್ಯಾಸವಿರಲಿಲ್ಲ. ಎಡಗಣ್ಣು ದೊಡ್ಡದಾಯಿತು, ಬಲಗಣ್ಣಿನ ಪಾಪೆ ಮೇಲಕ್ಕೆ ಸರಿಯಿತು. ನಾನಿದ್ದ ಕುರ್ಚಿಯಿಂದ ವೇದಿಕೆಗೆ ಹನ್ನೊಂದು ಹೆಜ್ಜೆ. ಅವನ್ನು ನಾನು ಇಡಲಿಲ್ಲ. ಅಷ್ಟು ಜನರ ಸಂತೋಷದ ನಡುವೆ ಕೂಗುವ ಧೈರ್ಯ ಸಾಲಲಿಲ್ಲ. ಈ ಪ್ರಕರಣದಲ್ಲಿ ನನ್ನ ತಪ್ಪು ಅಷ್ಟು, ಅದನ್ನು ಮುಚ್ಚಿಡುವುದಿಲ್ಲ.

ಮನೆಗೆ ತಂದ ದಿನವೇ ಟರ್ಪೆಂಟೈನ್ ಹಾಕಿ ಒರಸಿದೆ. ಹುಬ್ಬಿನ ಮೇಲೆ ಸಿಡಿದ ಹನಿಗಳು ಹೋದವು. ಕಣ್ಣಿನದು ಹೋಗಲಿಲ್ಲ. ಅಲ್ಲಿಯ ಮೆತ್ತನೆಯ ಮರ ಬಣ್ಣವನ್ನು ಬತ್ತಿ ಎಣ್ಣೆ ಹೀರುವಂತೆ ಹೀರಿಕೊಂಡಿತ್ತು. ಎಷ್ಟು ಆಳಕ್ಕೆ ಇಳಿದಿದೆ ಎಂದು ನೋಡುವುದಕ್ಕೆ ಎಡಗಣ್ಣಿನ ಅಂಚಿನಲ್ಲಿ ಒಂದು ಸಣ್ಣ ಸಿಪ್ಪೆ ಎಬ್ಬಿಸಿದೆ. ಬಿಳಿ ಬಣ್ಣ ಪ್ರತಿಯೊಂದು ಕಪ್ಪು ನಾರಿನ ಸುತ್ತ ಉಂಗುರ ಕಟ್ಟಿಕೊಂಡು ಒಳಗೆ ಇಳಿದಿತ್ತು, ನೂರಾರು ಸಣ್ಣ ಉಂಗುರಗಳು. ನೋಡುವುದಕ್ಕೆ ಚೆಂದವಿತ್ತು. ಅದಕ್ಕೂ ನನಗೆ ಸಿಟ್ಟು ಬಂತು.

ಹಿರಿಯ ಕೆತ್ತನೆಗಾರರಿಗೆ ಫೋನ್ ಮಾಡಿದೆ. ಬಣ್ಣ ಎಷ್ಟು ಆಳ ಇಳಿದಿದೆ ಎಂದು ಕೇಳಿಕೊಂಡರು.

‘ತೆಗೀಬಹುದು ತಮ್ಮಾ. ಅರ್ಧ ಇಂಚು ಕೆಳಗೆ ಇಳಿಸ್ಬೇಕು. ಆದ್ರೆ ಆಗ ಅಲ್ಲಿ ಉಬ್ಬು ಇರೂದಿಲ್ಲ, ಗುಳಿ ಇರ್ತದೆ. ಕಣ್ಣು ಮುಚ್ಚಿದವ ಅಲ್ಲ, ಕಣ್ಣು ಕಿತ್ತವ ಆಗ್ತಾನೆ. ತೆಗೆಯೂದೋ, ಹಾಂಗೇ ಬಿಡೂದೋ, ನಿಂಗೆ ಯಾವುದಕ್ಕೆ ಮನಸ್ಸು ಬತ್ತದೆ ನೋಡು.’

ಎರಡಕ್ಕೂ ಮನಸ್ಸು ಬರಲಿಲ್ಲ. ಭಟ್ಕಳದ ಸ್ನೇಹಿತರು ಬಂದು ನೋಡಿ ಮೊದಲು ಹೊಟ್ಟೆ ಹಿಡಿದು ನಕ್ಕರು. ‘ಇವನು ಫ್ಯಾನ್ ತಿರುಗ್ತದಾ ಇಲ್ವಾ ನೋಡ್ತಾ ಇದ್ದಾನಲ್ಲ ಸಾಹೇಬ್ರೆ.’ ನಾನು ನಗದಿರುವುದನ್ನು ಕಂಡು ಅವರೂ ನಿಲ್ಲಿಸಿದರು. ಹೊರಡುವಾಗ ತಮ್ಮ ಗೇಣುದ್ದದ ಮೂರ್ತಿಯನ್ನು ನನ್ನ ಮೇಜಿನಿಂದ ಎತ್ತಿ, ಮತ್ತೆ ಅಲ್ಲಿಯೇ ಇಟ್ಟು, ‘ಇದು ನಿಮ್ಮ ಹತ್ರವೇ ಇರ್ಲಿ. ಆದ್ರೆ ಯಾರು ಕೇಳಿದ್ರೂ ಕೊಡ್ಬೇಡಿ’ ಎಂದರು.

ಮೀನು ತರುವ ಹೆಂಗಸು ಈಗ ಬುಟ್ಟಿ ಇಳಿಸಿ ನಿಲ್ಲುವುದಿಲ್ಲ. ‘ಓ, ಎಚ್ಚರ ಆತಾ?’ ಎಂದು ಒಂದು ದಿನ ಅಂದಳು, ಅಷ್ಟೆ. ನಾನೂ ಬೆಳಕು ಬದಲಾಗುವ ಹೊತ್ತಿಗೆ ಜಗಲಿಗೆ ಹೋಗುವುದನ್ನು ಬಿಟ್ಟಿದ್ದೇನೆ. ಬೆಳಗ್ಗೆಯೂ ಮಧ್ಯಾಹ್ನವೂ ಸಂಜೆಯೂ ಅದು ನೋಡುವುದು ಒಂದೇ ಕಡೆ.

ಕಳೆದ ವಾರ ಸಂಘದಿಂದ ಪತ್ರ ಬಂದಿದೆ. ಅತಿಥಿಗಳು ಬಹಳ ಮೆಚ್ಚಿದ್ದಾರೆ, ಮುಂದಿನ ವರ್ಷಕ್ಕೂ ಅಂಥದೇ ಒಂದು ಮೂರ್ತಿ ಬೇಕು, ಕಣ್ಣುಗಳನ್ನು ಈ ಸಲದಂತೆಯೇ ಸಂಘಕ್ಕೆ ಬಿಟ್ಟುಕೊಡಬೇಕು ಎಂದು ಕೋರಿದ್ದಾರೆ. ಊರು ಮತ್ತೆ ಭಟ್ಕಳವೆಂದೇ ಇದೆ. ಹೆಂಡತಿ ‘ಆತು, ಬಿಡಿ ಅತ್ಲಾಗೆ’ ಎಂದಳು. ಬಿಡುವ ಮುನ್ನ ಉತ್ತರ ಬರೆಯಬೇಕಾದದ್ದು ನನ್ನ ಕರ್ತವ್ಯ. ಮೂರ್ತಿಯನ್ನು ಕೊಡುವುದಿಲ್ಲ ಎಂಬುದು ಅದರಲ್ಲಿ ಒಂದು ಸಾಲು. ಉಳಿದದ್ದು ಇದು: ನೀವು ಬಿಳಿ ಬಣ್ಣ ತಂದಿರಿ, ಕಪ್ಪು ಬಣ್ಣ ತಂದಿರಿ, ಹೂವು, ಕನ್ನಡಿ, ಶಾಲು ತಂದಿರಿ, ಕುಂಚ ಹಿಡಿಯುವ ಕೈಯನ್ನು ಮುಂಬಯಿಯಿಂದ ಕರೆಸಿದಿರಿ, ಇಷ್ಟೆಲ್ಲ ಸಿದ್ಧತೆ ಮಾಡಿಕೊಂಡವರು, ಮೂರು ಸಲ ನನ್ನ ಜಗಲಿಯಲ್ಲಿ ಕೂತು ಚಹ ಕುಡಿದವರು, ‘ಇದಕ್ಕೆ ಕಣ್ಣು ಬರೆಸಬಹುದೇ?’ ಎಂಬ ಒಂದು ಮಾತನ್ನು ಕೆತ್ತಿದವನ ಹತ್ತಿರ ಕೇಳಬೇಕೆಂದು ನಿಮ್ಮಲ್ಲಿ ಒಬ್ಬರಿಗೂ ಏಕೆ ಅನಿಸಲಿಲ್ಲ?